ಹಿಂಬದಿಗೆ ಬಣ್ಣವಿಲ್ಲದ ಸೋಫಾ

ಗೀಜಾ, ಕೈರೋ
ಶುಕ್ರವಾರ ಬೆಳಿಗ್ಗೆ, ೧೯ ಸೆಪ್ಟೆಂಬರ್ ೧೯೮೬

ನನ್ನ ಕಣ್ಣಿನಂಥ ಮಗಳು ರಾವಿಯಾಳಿಗೆ ಅಪ್ಪ ಬಯ್ಯೂಮಿಯ ಆಶೀರ್ವಾದ.

ಹೇಗಿದ್ದೀಯಮ್ಮಾ? ಗಂಟಲು ನೋವು ಪೂರ್ತಿ ವಾಸಿಯಾಯಿತೇ? ಹೋದ ವಾರ ಅಕ್ಕ ಹಿಕ್ಮತ್ ನಮ್ಮ ಮೂಲೆ ಅಂಗಡಿಗೆ ಫೋನ್ ಮಾಡಿದ್ದಳು. "ನಿನ್ನ ಮಗಳಿಗೆ ಕೆಮ್ಮು ಕಣೋ. ಮೆಂತ್ಯದ ಕಷಾಯ ಕುಡಿ ಅಂದ್ರೆ ಮೂತಿ ತಿರುಗಿಸ್ತಾಳೆ. ಹಟದಲ್ಲಿ ಥೇಟ್ ನೀನೇ" ಅಂದಳು. ಹಟದ ವಿಷಯದಲ್ಲಿ ಅವಳೊಂದಿಗೆ ವಾದಿಸುವ ಸ್ಥಿತಿಯಲ್ಲಿ ನಾನಿಲ್ಲ, ಹೂಂ ಅಂದು ಫೋನ್ ಇಟ್ಟೆ. ಕಷಾಯ ಕುಡಿ ಮಗಳೇ. ಸಂಜೆ ಹೊತ್ತು ಅತ್ತೆಯ ಮಂಡಿಗೆ ಎಣ್ಣೆ ತಿಕ್ಕು. ಬೇಡ ಬೇಡ ಅನ್ನುತ್ತಲೇ ಕಾಲು ಚಾಚುವವಳು ಅವಳು, ನನಗೆ ಗೊತ್ತಿಲ್ಲವೇ. ಇಲ್ಲಿ ನಾನು ಚೆನ್ನಾಗಿದ್ದೇನೆ. ಬಾಲ್ಕನಿಯ ಕಾಮಕಸ್ತೂರಿ ಗಿಡಕ್ಕೆ ದಿನಾ ನೀರು ಹಾಕುತ್ತೇನೆ. ಅವರೆಬೀಜದ ಪಾತ್ರೆಯನ್ನು ಎರಡು ಸಲ ತಳ ಹಿಡಿಸಿ, ಉಜ್ಜಿ ಉಜ್ಜಿ ಸಾಕಾಗಿ ಮಂಚದ ಕೆಳಗೆ ಬಚ್ಚಿಟ್ಟಿದ್ದೇನೆ. ಇದನ್ನು ಅತ್ತೆಗೆ ಹೇಳಬೇಡ.

ನೀನು ಅತ್ತೆಯ ಊರಿಗೆ ಹೋಗಿ ಐದು ವಾರವಾಯಿತು. ಈ ಐದು ವಾರದಲ್ಲಿ ನಾಲ್ಕು ಕಾಗದ ಬರೆದು ಹರಿದುಹಾಕಿದೆ. ಒಂದರಲ್ಲಿ "ಈ ಮುದಿ ತಂದೆಯ ಕಣ್ಣೀರನ್ನು ಒರೆಸುವವರು ಯಾರು" ಎಂದು ಬರೆದಿದ್ದೆ. ಓದಿಕೊಂಡಾಗ ನನಗೇ ನಗು ಬಂತು. ಆ ಮಾತನ್ನು ನಮ್ಮ ಸಿನಿಮಾ ಸ್ಟುಡಿಯೋದ ಎರಡನೇ ನಂಬರ್ ಸೆಟ್ಟಿನಲ್ಲಿ ಎಷ್ಟು ಜನ ತಂದೆಯರು ಹೇಳಿದ್ದಾರೋ ಲೆಕ್ಕವಿಲ್ಲ, ಪ್ರತಿ ಸಲವೂ ಅವರ ಕೈಗೆ ಕರವಸ್ತ್ರ ಕೊಟ್ಟವನು ನಾನೇ. ಮಗಳಿಗೆ ಬರೆಯಲು ಕೂತರೂ ಅವರ ಮಾತೇ ಬರುತ್ತದಲ್ಲ ಎಂದು ನಾಚಿಕೆಯಾಯಿತು. ಆದ್ದರಿಂದ ಈ ಐದನೆಯದನ್ನು ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇರುತ್ತದೆ, ಸಹಿಸಿಕೋ. ಯಾಕೆಂದರೆ ನಿನಗೆ ಗೊತ್ತಿರುವುದು ಅರ್ಧ, ಉಳಿದರ್ಧವನ್ನು ನಾನು ಮುಚ್ಚಿಟ್ಟಿದ್ದೆ.

ಮೂವತ್ತೊಂದು ವರ್ಷ ಸ್ಟುಡಿಯೋದ ಸಾಮಾನು ಕೋಣೆ ನೋಡಿಕೊಂಡವನಿಗೆ ಸಿನಿಮಾದ ಕಥೆ ಕೇಳಬೇಕಾಗಿಯೇ ಇಲ್ಲ, ಸಾಮಾನಿನ ಚೀಟಿ ನೋಡಿದರೆ ಸಾಕು. ಬಿಳಿ ಟೆಲಿಫೋನು ಕೇಳಿದರೆ ಹುಡುಗಿ ಶ್ರೀಮಂತಳು. ಸೀಮೆಎಣ್ಣೆ ಸ್ಟವ್ ಕೇಳಿದರೆ ಹುಡುಗ ಬಡವ, ಅವನ ತಾಯಿಗೆ ಕೆಮ್ಮು. ಎರಡೂ ಒಂದೇ ಚೀಟಿಯಲ್ಲಿದ್ದರೆ ಪ್ರೇಮ. ಅದರ ಕೆಳಗೆ ಎದೆನೋವಿನ ಮಾತ್ರೆ ಸೀಸೆ ಇದ್ದರೆ ಹುಡುಗಿಯ ಅಪ್ಪ ಒಪ್ಪುವುದಿಲ್ಲ. ಮತ್ತೆ ಚಿನ್ನದ ಬಣ್ಣದ ಸಲೂನು ಇದ್ದರೆ, ಅಂದರೆ ಆ ಬಾಗಿದ ಕಾಲಿನ ಸೋಫಾ, ಕುರ್ಚಿಗಳು, ಸಣ್ಣ ಮೇಜು ಸೇರಿ ಏಳು ಬಿಡಿ ಸಾಮಾನು, ಅಲ್ಲಿ ಯಾರೋ ಯಾರಿಗೋ ಅವಮಾನ ಮಾಡುತ್ತಾರೆ ಎಂದೇ ಅರ್ಥ. ಬಡ ಹುಡುಗ ಅದರ ಅಂಚಿನಲ್ಲಿ ಕೂರುತ್ತಾನೆ, ಹುಡುಗಿಯ ಶ್ರೀಮಂತ ಅಪ್ಪ ಪಾಷಾ ನಿಂತೇ ಮಾತಾಡುತ್ತಾನೆ. ಇಡೀ ದೇಶ ಇದನ್ನು ನೋಡಿ ಅಳುತ್ತದೆ. ಅತ್ತು ಮನೆಗೆ ಹೋಗಿ, ತಮ್ಮ ಮಗಳ ಮದುವೆಯ ಮಾತು ಬಂದಾಗ ಅದೇ ಸಲೂನು ಬೇಕು ಅನ್ನುತ್ತದೆ. ಜನರನ್ನು ಕಂಡು ನಾನು ನಗುತ್ತಿದ್ದೆ. ನಾನು ಆ ಜನರಲ್ಲಿ ಸೇರಿಲ್ಲ ಎಂದು ಅದ್ಯಾಕೆ ಅಂದುಕೊಂಡಿದ್ದೆನೋ.

ನಿನ್ನನ್ನು ಮದುವೆಯಾಗಬೇಕಿದ್ದ ಶೌಕಿಯ ತಾಯಿ ತಫೀದಾ ನಮ್ಮ ಮನೆಗೆ ಬಂದು ಮಾತುಕತೆಗೆ ಕೂತ ದಿನ ನಿನಗೆ ನೆನಪಿದೆ. ಶುಬ್ರಾ ಬಡಾವಣೆಯ ಮನೆ, ಮಂಚ, ಬೀರು ಕೊಡುವುದು ಅವರು. ಅಡುಗೆಮನೆಯ ಸಾಮಾನು ಮತ್ತು ಸಲೂನು ಕೊಡುವುದು ನಾವು. "ಸಲೂನ್ ಅಂದ್ಮೇಲೆ ಚಿನ್ನದ ಬಣ್ಣದ್ದೇ ಇರ್ಬೇಕಲ್ವಾ, ಬಂದೋರು ಏನಂದ್ಕೋತಾರೆ?" ಅಂದರು ಆಯಮ್ಮ. ನೀನು ಶರಬತ್ತಿನ ತಟ್ಟೆ ಹಿಡಿದು ಬಂದವಳು ನನ್ನ ಮೊಣಕೈಗೆ ತಿವಿದೆ. ಆಮೇಲೆ ಅಡುಗೆಮನೆಯಲ್ಲಿ "ಸಲೂನೇ ಬೇಡಪ್ಪಾ, ಚಾಪೆ ಹಾಸ್ಕೊಂಡ್ ಕೂತ್ಕೋತೀವಿ" ಅಂದೆ. ಟೈಪಿಂಗ್ ಕೆಲಸದಲ್ಲಿ ಉಳಿಸಿದ ಹಣವನ್ನೂ ಕೊಡುತ್ತೇನೆ ಅಂದೆ. ನಾನು ಏನಂದೆ? "ನಾನಿನ್ನೂ ಸತ್ತಿಲ್ಲ" ಅಂದೆ. ಈಗ ಯೋಚಿಸಿದರೆ ಅದೂ ನನ್ನ ಸ್ವಂತ ಮಾತಲ್ಲ.

ಮಾರನೆಯ ದಿನವೇ ಪೀಠೋಪಕರಣದ ಬೀದಿಗೆ ಹೋಗಿ ಬೆಲೆ ಕೇಳಿದೆ. ನನ್ನ ಎರಡು ವರ್ಷದ ಸಂಬಳ. ನಿನ್ನ ಮದುವೆಗೆಂದು ಇಟ್ಟದ್ದು ನಿನ್ನಮ್ಮನ ಕಾಯಿಲೆಗೆ ಹೋಗಿತ್ತು. ಅದಕ್ಕಾಗಿ ನಾನು ಒಂದು ದಿನವೂ ಮರುಗಿಲ್ಲ, ಅವಳು ಇನ್ನೊಂದು ವರ್ಷ ಬದುಕುತ್ತಾಳೆಂದಿದ್ದರೆ ಈ ಮನೆಯ ಬಾಗಿಲನ್ನೂ ಮಾರುತ್ತಿದ್ದೆ. ಆದರೆ ನಿನ್ನೆದುರು ಆ ಮಾತು ಆಡಲು ಬಾಯಿ ಬರಲಿಲ್ಲ. ನಮ್ಮ ಸಾಮಾನು ಕೋಣೆಯ ಮೂಲೆಯಲ್ಲಿ ಒಂದು ಸಲೂನು ಬಟ್ಟೆ ಹೊದ್ದು ಎರಡು ವರ್ಷದಿಂದ ಬಿದ್ದಿತ್ತು. ಬೀಗದ ಕೈ ನನ್ನ ಸೊಂಟದಲ್ಲೇ. ಕದಿಯುತ್ತಿಲ್ಲ, ಆರು ತಿಂಗಳಿಗೆ ಕಡ ತರುತ್ತಿದ್ದೇನೆ, ಅಷ್ಟರಲ್ಲಿ ನಿಜವಾದದ್ದನ್ನು ಹೇಗೋ ಕೊಂಡು ಬದಲಾಯಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿನಗೆ ಪೀಠೋಪಕರಣಕ್ಕೆ ಹೆಸರಾದ ದಮಿಯಾತ್ತಿನಿಂದ ತರಿಸಿದೆ ಎಂದೆ. ನೀನು ಕುರ್ಚಿಯ ಕೈ ಸವರಿ, "ಅಪ್ಪಾ, ಇಷ್ಟೊಂದು ಯಾಕಪ್ಪಾ ಖರ್ಚು ಮಾಡಿದ್ರಿ" ಎಂದು ಅತ್ತುಬಿಟ್ಟೆ. ಅವತ್ತು ನಿಜ ಹೇಳಬಹುದಿತ್ತು. ನಿನ್ನ ಆ ಅಳು ನನಗೆ ಬಹಳ ಹಿತವಾಗಿತ್ತು ಮಗಳೇ, ಅದಕ್ಕೇ ಹೇಳಲಿಲ್ಲ.

ನಿನಗೆ ಅರ್ಥವಾಗದ ಒಂದು ವಿಷಯವಿದೆ, ಬೇರೆ ಯಾರಿಗೂ ಅರ್ಥವಾಗಲಿಲ್ಲ. "ಆ ಸೋಫಾದ ಹಿಂಬದಿ ನಿಮ್ಮ ಕಣ್ಣಿಗೇ ಬೀಳ್ಲಿಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಬೀಳಲಿಲ್ಲ. ದೇವರಾಣೆ, ಬೀಳಲಿಲ್ಲ. ಸ್ಟುಡಿಯೋದಲ್ಲಿ ಯಾವುದಕ್ಕೂ ಹಿಂಬದಿಗೆ ಬಣ್ಣ ಹಚ್ಚುವುದಿಲ್ಲ, ಕ್ಯಾಮೆರಾ ಅತ್ತ ಹೋಗುವುದಿಲ್ಲವಲ್ಲ. ಅಲ್ಲಿ ಬರೀ ಹಸಿ ಮರ, ಅದರ ಮೇಲೆ ಕಪ್ಪು ಬಣ್ಣದಲ್ಲಿ ದಾಸ್ತಾನಿನ ನಂಬರು. ನಾನೂ ಮೂವತ್ತೊಂದು ವರ್ಷ ಕ್ಯಾಮೆರಾ ನಿಂತ ಕಡೆಯಿಂದಲೇ ಪ್ರತಿಯೊಂದನ್ನೂ ನೋಡಿ, ಒರೆಸಿ, ಸರಿಪಡಿಸಿ ಇಟ್ಟವನು. ನಮ್ಮ ಮನೆಯಲ್ಲಿ ಗೋಡೆಗೆ ಒತ್ತಿ ಇಟ್ಟೆವು, ಚಂದ ಕಂಡಿತು. ಸೋಫಾಕ್ಕೆ ಬೆನ್ನೊಂದು ಇದೆ ಎಂಬುದೇ ನನ್ನ ತಲೆಯಿಂದ ಹೋಗಿತ್ತು.

ಮದುವೆಯ ಪಟ್ಟಿ ಬರೆದ ದಿನ ಶೌಕಿ ಓದದೆ ಸಹಿ ಹಾಕಿದ. ಈ ಸಾಮಾನೆಲ್ಲ ಹೆಂಡತಿಯದು, ನನ್ನಲ್ಲಿ ನಂಬಿಕೆಯಿಂದ ಇಟ್ಟದ್ದು, ಕೇಳಿದ ದಿನ ಒಪ್ಪಿಸದಿದ್ದರೆ ನಾನು ಜೈಲಿಗೆ ಹೋಗಬೇಕಾದವನು ಎಂಬುದಕ್ಕೆ ಹಾಕುವ ಸಹಿ ಅದು. ಮಂಚ, ಬೀರು, ಫ್ರಿಜ್ಜು, ಹನ್ನೆರಡು ತಟ್ಟೆ, ಚಿನ್ನದ ಬಣ್ಣದ ಸಲೂನು ಏಳು ಬಿಡಿ. ಸ್ಟುಡಿಯೋದ ಆಸ್ತಿಗೆ ನಿನ್ನ ಗಂಡನಾಗುವವನ ಕೈಯಲ್ಲಿ ಸಹಿ ಹಾಕಿಸಿದೆ. ಹಾಕಿಸಿ, ಆ ಕಾಗದವನ್ನು ಮಡಚಿ ನನ್ನ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಎರಡು ಲೋಟ ಶರಬತ್ತು ಕುಡಿದೆ. ಇಡೀ ಕಥೆಯಲ್ಲಿ ನನಗೆ ಈಗಲೂ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಇದಕ್ಕೆ.

ಉಳಿದದ್ದು ನೀನು ಕಣ್ಣಾರೆ ಕಂಡದ್ದು. ಸಾಮಾನು ತುಂಬಿದ ಲಾರಿ, ಡೋಲು, ನಾಲಿಗೆ ಕುಣಿಸಿ ಕೂಗುವ ಹೆಂಗಸರು, ಎಲ್ಲಕ್ಕಿಂತ ಮೇಲೆ ಬಿಸಿಲಿಗೆ ಹೊಳೆಯುವ ಆ ಸೋಫಾ. ಶೌಕಿಯ ಮನೆಯ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತೆಂದು ಹೊರಗೆ ತಂದು ತಿರುಗಿಸಿದರು. ಬೆನ್ನು ಬೀದಿಯ ಕಡೆಗಾಯಿತು, ನೂರ ಹದಿನೇಳು ಎಂಬ ನಂಬರೂ ಬೀದಿಯ ಕಡೆಗಾಯಿತು. ಕಾಫಿ ಅಂಗಡಿಯಲ್ಲಿ ಹುಕ್ಕಾ ಸೇದುತ್ತಿದ್ದ ಒಬ್ಬ ಎದ್ದುನಿಂತು, "ಅಯ್ಯೋ, ಇದು ಗುರುವಾರ ಟಿವೀಲಿ ಪಾಷಾ ಎದೆ ಹಿಡ್ಕೊಂಡು ಸತ್ತ ಸೋಫಾ ಅಲ್ವೇನ್ರೋ! ಕಾಲಿನ ಕೆತ್ತನೆ ನೋಡ್ರೋ, ಅದೇ!" ಅಂದ. ಅವನು ಹೇಳಿದ್ದು ಸರಿ. ಜನ ನಕ್ಕರು. ತಫೀದಾ ನಗಲಿಲ್ಲ. "ಇಲ್ಲದ ಸಾಮಾನಿಗೆ ನನ್ ಮಗನ ಹತ್ರ ಸಹಿ ಹಾಕಿಸ್ಕೊಂಡ್ರಾ? ನಾಳೆ ಅವನು ಜೈಲಿಗೆ ಹೋಗ್ಬೇಕಾ?" ಎಂದು ಕೇಳಿದರು. ಆಯಮ್ಮ ಕೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಪ್ಪಾಯಿತು ಅನ್ನಲು ಒಂದು ಉಸಿರು ಸಾಕಾಗಿತ್ತು. ಅದರ ಬದಲು ನಾನು ಕೈ ಮೇಲೆತ್ತಿ, "ನನ್ನ ಮಗಳು ನಿಮ್ಮ ಹೊಸಿಲು ತುಳಿಯೋದಿಲ್ಲ! ನಾನು ಬದುಕಿರೋವರೆಗೂ ಈ ಮದುವೆ ನಡೆಯೋದಿಲ್ಲ!" ಎಂದು ಅರಚಿದೆ. ನೀನು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದೆ: "ಅಪ್ಪಾ, ಇದು ಯಾವ ಸಿನಿಮಾದ್ದು?" ನಿನ್ನ ಬೆರಳಿನ ಉಂಗುರ ತೆಗೆದು ಶೌಕಿಯ ಕೈಗಿಟ್ಟೆ. ಅವನು ಕಂಬದ ಹಾಗೆ ನಿಂತಿದ್ದ. ನೀನು ರೈಲ್ವೆ ಸ್ಟೇಷನ್ನಿನ ದಾರಿ ಹಿಡಿದೆ.

ಸೆಟ್ಟಿನಲ್ಲಿ ಆ ಮಾತನ್ನು ಮೆಟ್ಟಿಲ ತುದಿಯಲ್ಲಿ ನಿಂತು ಹೇಳುತ್ತಾರೆ. ಹೇಳಿದ ಕೂಡಲೆ ನಿರ್ದೇಶಕರು ಕಟ್ ಅನ್ನುತ್ತಾರೆ, ಹುಡುಗಿಯೂ ಅಪ್ಪನೂ ಒಟ್ಟಿಗೆ ಕೂತು ಚಹಾ ಕುಡಿಯುತ್ತಾರೆ. ಶುಬ್ರಾದ ಬೀದಿಯಲ್ಲಿ ಯಾರೂ ಕಟ್ ಅನ್ನಲಿಲ್ಲ. ಆ ಮಾತು ಹೇಳಿದ ಮೇಲೂ ನಾನು ಅಲ್ಲೇ ನಿಂತಿರಬೇಕಾಯಿತು, ಅದೇ ಮುಖ ಹೊತ್ತುಕೊಂಡು. ಲಾರಿಯವನು ಬಂದು, "ಯಜಮಾನ್ರೇ, ಇದನ್ನ ಮೇಲೆ ಒಯ್ಯೋದಾ, ವಾಪಸ್ ಹಾಕೋದಾ?" ಎಂದು ಮೂರು ಸಲ ಕೇಳಿದ.

ವಾಪಸ್ ಹಾಕಿಸಿ ನೇರ ಸ್ಟುಡಿಯೋಗೆ ಒಯ್ದೆ. ಮೇಲಿನವರಿಗೆ ನಾನೇ ಹೇಳಿದೆ. ಅವರು ಪೊಲೀಸರಿಗೆ ಕೊಡಲಿಲ್ಲ, ಹಳೆಯ ಮನುಷ್ಯ ಅಂದರು, ಬೀಗದ ಕೈ ಮಾತ್ರ ಮೇಜಿನ ಮೇಲೆ ಇಡಿಸಿಕೊಂಡರು. ಈಗ ನಾನು ಹೊರುವವರ ಜೊತೆ ಹೊರುವವನು. ಬೆನ್ನು ಸ್ವಲ್ಪ ನೋಯುತ್ತದೆ, ಅಷ್ಟೆ. ಗಾಬರಿಯಾಗಬೇಡ. ಹೊರುವಾಗ ಸಾಮಾನಿನ ಹಿಂಬದಿಯೇ ಮೊದಲು ಎದೆಗೆ ತಾಗುತ್ತದೆ ಎಂಬುದು ಈ ವಯಸ್ಸಿನಲ್ಲಿ ತಿಳಿಯಿತು.

ತಪ್ಪು ಒಪ್ಪಿಕೊಳ್ಳಬೇಕು ಎಂದು ಮೊದಲ ವಾರವೇ ಅನ್ನಿಸಿತ್ತು. ಹೇಗೆ ಎಂದು ತಿಳಿಯಲಿಲ್ಲ. ನಗಬೇಡ, ನಿಜ ಹೇಳುತ್ತಿದ್ದೇನೆ. ನಾನು ನೋಡಿದ ಸಿನಿಮಾಗಳಲ್ಲಿ ಅಪ್ಪ ಕ್ಷಮೆ ಕೇಳುವುದು ಮಗಳು ಆಸ್ಪತ್ರೆಯ ಮಂಚದಲ್ಲಿ ಬಿದ್ದಾಗ, ಇಲ್ಲವೇ ಅವನೇ ಸಾಯುವಾಗ. ಎಲ್ಲರೂ ಆರೋಗ್ಯವಾಗಿದ್ದು, ಮಧ್ಯಾಹ್ನ ಊಟ ಮಾಡಿ ಕೈ ತೊಳೆದುಕೊಂಡು, ಬಸ್ಸು ಹತ್ತಿ ಹೋಗಿ ತಪ್ಪಾಯಿತು ಅನ್ನುವ ಅಪ್ಪನನ್ನು ನಾನು ಎಲ್ಲೂ ಕಂಡಿರಲಿಲ್ಲ. ಅವನ ಕೈಗೆ ಯಾವ ಸಾಮಾನು ಕೊಡುವುದು, ಅವನು ಎಲ್ಲಿ ನಿಲ್ಲಬೇಕು, ನನಗೆ ಗೊತ್ತಿರಲಿಲ್ಲ. ಹಾಗೇ ನಾಲ್ಕು ವಾರ ಕಳೆದೆ. ಮೊನ್ನೆ ಬುಧವಾರ, ಗೊತ್ತಾಗದಿದ್ದರೆ ಬೇಡ ಎಂದು ಅದೇ ಹಳೆಯ ಕೋಟು ಹಾಕಿಕೊಂಡು ಹೊರಟೆ.

ಬೀದಿಗೆ ಕಾಲಿಟ್ಟ ಕೂಡಲೆ ಕಾಫಿ ಅಂಗಡಿಯಿಂದ "ಪಾಷಾ ಬಂದ್ರು, ಸೋಫಾ ತನ್ರೋ!" ಎಂದು ಕೂಗು ಬಂತು. ತಲೆ ತಗ್ಗಿಸಿ ಮನೆಯ ಕೆಳಗೆ ನಿಂತೆ. ತಫೀದಾ ಮೂರನೇ ಮಹಡಿಯ ಬಾಲ್ಕನಿಗೆ ಬಂದರು. ಮೇಲೆ ಬನ್ನಿ ಅನ್ನಲಿಲ್ಲ. ತರಕಾರಿ ತರಿಸುವ ಬುಟ್ಟಿಯನ್ನು ಹಗ್ಗದಲ್ಲಿ ಇಳಿಬಿಟ್ಟು, "ಏನ್ ಕೊಡೋದಿದ್ಯೋ ಅದ್ರೊಳಗೆ ಹಾಕಿ, ಹೊರಡಿ" ಅಂದರು. ಒಳಜೇಬಿನಿಂದ ಪಟ್ಟಿ ತೆಗೆದು ಬುಟ್ಟಿಗೆ ಹಾಕಿದೆ. ಬುಟ್ಟಿ ಮೇಲೆ ಹೋಗುವಾಗ "ತಪ್ಪು ನನ್ದು" ಅಂದೆ. "ಏನಂದ್ರಿ? ಕೇಳಿಸ್ಲಿಲ್ಲ" ಅಂದರು. ಜೋರಾಗಿ ಅಂದೆ. "ಟ್ರಾಮ್ ಹೋಗ್ತಿದೆ, ಇನ್ನೊಂದ್ ಸಲ" ಅಂದರು. ಮಗಳೇ, ಮೂರನೇ ಮಹಡಿಗೆ ಕೇಳಿಸಬೇಕಾದರೆ ಕ್ಷಮೆಯನ್ನೂ ಅರಚಿಯೇ ಕೇಳಬೇಕು. ಐದು ವಾರದ ಹಿಂದೆ ಅರಚಿದ ಅದೇ ಜಾಗದಲ್ಲಿ, ಅದೇ ಗಂಟಲಿನಲ್ಲಿ, "ಸಲೂನು ನನ್ದಲ್ಲ, ಸುಳ್ಳು ಹೇಳ್ದೆ, ನಿಮ್ಮ ಮಗನ ಸಹಿ ವಾಪಸ್ ತಂದಿದೀನಿ, ನನ್ನ ಮಗಳಿಗೆ ಇದ್ಯಾವ್ದೂ ಗೊತ್ತಿರ್ಲಿಲ್ಲ!" ಎಂದು ಕೂಗಿದೆ. ಎದುರು ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕೈ ನಿಲ್ಲಿಸಿದರು. ತಫೀದಾ, "ಬೀದೀಲಿ ನಿಂತು ಇನ್ನೂ ಮರ್ಯಾದೆ ಕಳೀಬೇಡಿ, ಮೇಲ್ ಬನ್ನಿ" ಅಂದರು.

ಮೇಲೆ ಹೋದೆ. ಹಾಲಿನಲ್ಲಿ ಸಲೂನಿಗೆಂದು ಬಿಟ್ಟ ಜಾಗ ಇನ್ನೂ ಖಾಲಿ ಇದೆ. ಇಬ್ಬರೂ ಆ ಖಾಲಿ ಜಾಗದ ಪಕ್ಕದಲ್ಲಿ ಅಡುಗೆಮನೆಯ ಮಣೆಗಳ ಮೇಲೆ ಕೂತೆವು. ಆಯಮ್ಮ ಚಹಾ ಕೊಟ್ಟರು, ಸಕ್ಕರೆ ಎಷ್ಟು ಎಂದು ಕೇಳಲಿಲ್ಲ, ಇನ್ನೂ ಸಿಟ್ಟಿತ್ತು. ಆಮೇಲೆ ತಾವಾಗಿಯೇ ಹೇಳಿದರು: "ಅಂಥಾ ಕುರ್ಚೀಲಿ ನಾನು ಜನ್ಮದಲ್ಲಿ ಕೂತೋಳಲ್ಲ. ಸಿನಿಮಾದಲ್ಲಿ ಎಲ್ರ ಮನೇಲೂ ಇರುತ್ತಲ್ಲ, ಇರ್ಬೇಕೇನೋ ಅಂದ್ಕೊಂಡೆ." ಲಾರಿಯಿಂದ ಇಳಿಸಿದಾಗ, ಯಾರೂ ನೋಡದ ಹೊತ್ತಿನಲ್ಲಿ ಒಂದು ಕುರ್ಚಿಯ ಮೇಲೆ ಒಂದು ಗಳಿಗೆ ಕೂತಿದ್ದರಂತೆ. "ಚುಚ್ಚುತ್ತೆ ಕಣ್ರೀ" ಅಂದರು. ನನಗೆ ನಗು ಬಂತು. ಅವರು ನಗುವ ತನಕ ತಡೆದುಕೊಂಡೆ, ಆಮೇಲೆ ಇಬ್ಬರೂ ನಕ್ಕೆವು.

ಅಷ್ಟರಲ್ಲಿ ಶೌಕಿ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮುಗಿಸಿ ಬಂದ. ಇಳಿದುಹೋಗಿದ್ದಾನೆ, ಕೆನ್ನೆಯ ಮೂಳೆ ಕಾಣುತ್ತದೆ. ಅವನ ತಾಯಿ ಪಟ್ಟಿಯನ್ನು ಕೈಗಿಟ್ಟು "ಹರಿದ್ಹಾಕು" ಅಂದರು. ಅವನು ಹರಿಯಲಿಲ್ಲ. ನಿಂತಲ್ಲೇ ಪೂರ್ತಿ ಓದಿದ, ಬಹುಶಃ ಮೊದಲ ಸಲ. ಜೇಬಿನಿಂದ ಪೆನ್ನು ತೆಗೆದು ಸಲೂನಿನ ಸಾಲಿನ ಮೇಲೆ ಗೆರೆ ಎಳೆದ. ಪಕ್ಕದಲ್ಲಿ "ಇಲ್ಲ" ಎಂದು ಬರೆದ. "ಉಳಿದಿದ್ದೆಲ್ಲಾ ನಿಜ ತಾನೇ ಮಾವ?" ಎಂದು ಕೇಳಿದ. ತಟ್ಟೆ ಹನ್ನೆರಡಲ್ಲ, ಒಂದು ಲಾರಿಯಲ್ಲಿ ಒಡೆಯಿತು, ಹನ್ನೊಂದು ಅಂದೆ. ಅದನ್ನೂ ತಿದ್ದಿ ಮತ್ತೊಮ್ಮೆ ಸಹಿ ಹಾಕಿದ. ಅವನ ಮೇಲೆ ನಿನಗಿರುವ ಸಿಟ್ಟು ಬೇರೆ, ಅದು ನನಗೆ ಗೊತ್ತು. ನಾನು ಅರಚಿದೆ, ಅವನ ತಾಯಿ ಅರಚಿದರು, ಅವನು ಒಂದು ಮಾತೂ ಆಡದೆ ಉಂಗುರ ಇಸಿದುಕೊಂಡ. ಅರಚಿದವರನ್ನಾದರೂ ಕ್ಷಮಿಸಬಹುದು, ಸುಮ್ಮನಿದ್ದವನನ್ನು ಕ್ಷಮಿಸುವುದು ಕಷ್ಟ. ಅವನ ಪರವಾಗಿ ನಾನು ವಕಾಲತ್ತು ಹಾಕುವುದಿಲ್ಲ.

ನನ್ನ ಪರವಾಗಿ ಮಾತ್ರ ಒಂದು ಮಾತು. ನಾನು ಬದುಕಿರುವ ತನಕ ಈ ಮದುವೆ ನಡೆಯುವುದಿಲ್ಲ ಎಂದು ಹೇಳಿದೆನಲ್ಲ, ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಹಾಗೆಂದು ಮದುವೆ ನಡೆಯಲೇಬೇಕು ಎಂದೂ ಹೇಳುತ್ತಿಲ್ಲ. ಬೇಕೋ ಬೇಡವೋ ನೀನು ತೀರ್ಮಾನಿಸು. ಬೇಡ ಅಂದರೆ ನಿನ್ನ ಕೋಣೆ ಇದ್ದ ಹಾಗೇ ಇದೆ, ನಿನ್ನನ್ನು ಒಂದು ಮಾತೂ ಕೇಳುವುದಿಲ್ಲ. ಬೇಕು ಅಂದರೆ ಆ ದಿನ ನಾನು ನಿನ್ನ ಪಕ್ಕದಲ್ಲಿ ಕೂರಬೇಕೋ ಬೇಡವೋ ಎಂಬುದನ್ನೂ ನೀನೇ ಹೇಳು. ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಆದರೆ ಮಗಳೇ, ನೀನಿಲ್ಲದ ಈ ಮನೆಯಲ್ಲಿ ನನಗೆ ಇರಲಾಗುತ್ತಿಲ್ಲ. ಇದು ಯಾವ ಸಿನಿಮಾದ್ದೂ ಅಲ್ಲ.

ಅಕ್ಕ ಹಿಕ್ಮತ್‌ಗೆ ನನ್ನ ಸಲಾಮು. ಅವಳ ಮಂಡಿಗೆ ದೇವರು ಬಲ ಕೊಡಲಿ, ಅವಳ ನಾಲಿಗೆಗೆ ಈಗಿರುವುದೇ ಸಾಕು. ನಿನ್ನನ್ನು ದೇವರು ಚೆನ್ನಾಗಿಡಲಿ, ನಿನ್ನಮ್ಮನ ಮೇಲಿದ್ದ ನನ್ನ ಪ್ರೀತಿಯೆಲ್ಲ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಬಯ್ಯೂಮಿ

ಮರೆತ ಮಾತು: ಬೇಗ ಬೇಗ ಬರೆಯುತ್ತಿದ್ದೇನೆ, ಹತ್ತು ಗಂಟೆಯ ರೈಲು ತಪ್ಪುತ್ತದೆ. ಈ ಲಕೋಟೆಗೆ ಅಂಚೆಚೀಟಿ ಇಲ್ಲ, ನೋಡಿದೆಯಾ? ಇದನ್ನು ತಂದವನು ಶೌಕಿ. ಅಕ್ಕನ ಕೈಗೆ ಕೊಟ್ಟು ಕೆಳಗೆ ಬೀದಿಯಲ್ಲಿ ನಿಲ್ಲು, ರಾವಿಯಾ ಕೊನೆಯ ಸಾಲು ಓದುವ ತನಕ ಕೂಗಬೇಡ ಎಂದು ಹೇಳಿ ಕಳಿಸುತ್ತಿದ್ದೇನೆ. ಅಕ್ಕನಿಗೂ ಬಾಯಿ ಬಿಡಬೇಡ ಎಂದಿದ್ದೇನೆ, ಪಾಪ, ಅವಳಿಗೆ ಅದೇ ಹೆಚ್ಚು ಕಷ್ಟ. "ರಾವಿಯಾ ಹತ್ರ ಏನ್ ಹೇಳ್ಲಿ ಮಾವ?" ಎಂದು ಬೆಳಗಿನಿಂದ ನನ್ನ ತಲೆ ತಿನ್ನುತ್ತಿದ್ದಾನೆ. ನನಗೆ ನೂರು ಮಾತು ಬಾಯಿಪಾಠ ಇದೆ, ಒಂದನ್ನೂ ಹೇಳಿಕೊಟ್ಟಿಲ್ಲ. ಒಳಗೆ ಕರೆಯುವುದಾದರೆ ಕರೆ, ವಾಪಸ್ ಕಳಿಸುವುದಾದರೆ ಕಳಿಸು, ಆದರೆ ಮೊದಲು ಅವನ ಬಾಯಿಂದ ಏನು ಬರುತ್ತದೋ ಕೇಳು. ತಡವರಿಸಿದರೆ ಕಾಯಿ. ಕಾಗದ ಬಹಳ ಉದ್ದವಾಯಿತು, ಅವನು ಬಿಸಿಲಲ್ಲಿ ನಿಂತಿದ್ದಾನೆ, ಇಳಿದು ಹೋಗಮ್ಮಾ.